ಅಮ್ಮ ಹಾಕಿಸಿದ ಚುಚ್ಚುಮದ್ದು ಅಮೆರಿಕದಲ್ಲಿ ಲೆಕ್ಕಕ್ಕಿಲ್ಲ!

ಪಾಸ್‌ಪೋರ್ಟ್ ಆಯಿತು, ಬ್ಯಾಂಕಿನ ಸಾಲ ಆಯಿತು, ವೀಸಾ ಮುದ್ರೆಯೂ ಬಿತ್ತು. ಬೀದಿಗೆಲ್ಲ ಪೇಡೆ ಹಂಚಿದ್ದೂ ಆಯಿತು. ಇನ್ನು ಮಗ ವಿಮಾನ ಹತ್ತುವುದೊಂದೇ ಬಾಕಿ ಎಂದು ಮನೆಮಂದಿ ನಿರಾಳವಾಗಿರುವ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯದಿಂದ ಒಂದು ಓಲೆ ಬರುತ್ತದೆ: ಲಸಿಕೆ ದಾಖಲೆ ಅಪೂರ್ಣ, ಆದ್ದರಿಂದ ನೋಂದಣಿಗೆ ತಡೆ. ಜೂನ್-ಜುಲೈ ಬಂತೆಂದರೆ ಮಕ್ಕಳ ಡಾಕ್ಟರ ಷಾಪಿನ ಬೆಂಚಿನ ಮೇಲೆ, ಕೈಗೂಸುಗಳ ನಡುವೆ, ಮೀಸೆ ಬಂದ ಇಂಜಿನಿಯರುಗಳೂ ಕೂತಿರುವುದು ಈ ಕಾರಣಕ್ಕೇ.

‘ಎಲ್ಲಾ ಹಾಕ್ಸಿದೀವಲ್ರೀ, ಒಂದೂ ತಪ್ಪಿಸಿಲ್ಲ’ ಎನ್ನುವ ತಾಯಂದಿರ ಮಾತೇನೂ ಸುಳ್ಳಲ್ಲ. ಬಿಸಿಲೋ ಮಳೆಯೋ, ಕಂಕುಳಲ್ಲಿ ಕೂಸು ಎತ್ತಿಕೊಂಡು ಆಸ್ಪತ್ರೆಗೆ ನಡೆದವರು ಅವರು. ಕಾರ್ಡನ್ನು ಇಪ್ಪತ್ತು ವರ್ಷ ಟ್ರಂಕಿನಲ್ಲಿ ಜೋಪಾನ ಮಾಡಿದವರೂ ಇದ್ದಾರೆ. ಹಾಗಿದ್ದೂ ಆ ಕಾರ್ಡು ಅಲ್ಲಿ ನಡೆಯುವುದಿಲ್ಲ. ತಪ್ಪು ತಾಯಿಯದಲ್ಲ, ಹಾಗೆ ನೋಡಿದರೆ ಆಸ್ಪತ್ರೆಯದೂ ಅಲ್ಲ. ನಮ್ಮ ಸರ್ಕಾರದ ಪಟ್ಟಿಗೂ ಅವರ ಕಾನೂನಿಗೂ ತಾಳೆಯಿಲ್ಲ, ಅಷ್ಟೇ.

ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳು ಮೊದಲು ಕೇಳುವುದು ಎಂಎಂಆರ್. ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ. ಎರಡು ಡೋಸು, ನಡುವೆ ಕನಿಷ್ಠ 28 ದಿನ. ಮೊದಲನೆಯದು ಮಗುವಿನ ಮೊದಲ ಹುಟ್ಟುಹಬ್ಬ ಕಳೆದ ಮೇಲೆ ಹಾಕಿದ್ದಿರಬೇಕು.

ಪೇಚು ಇರುವುದು ಇಲ್ಲೇ. 1985ರಲ್ಲಿ ಶುರುವಾದ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರದ ಚುಚ್ಚುಮದ್ದು ಒಂಬತ್ತನೇ ತಿಂಗಳಿಗೆ. ಅದಕ್ಕೆ ಕಾರಣವೂ ಇದೆ. ಈ ದೇಶದಲ್ಲಿ ದಡಾರ ಎಳೆಗೂಸುಗಳನ್ನೇ ಹಿಡಿಯುತ್ತಿತ್ತು. ವರ್ಷ ತುಂಬಲಿ ಎಂದು ಕಾಯುತ್ತಾ ಕೂತರೆ ಕೂಸು ಉಳಿಯುವ ಭರವಸೆ ಇರಲಿಲ್ಲ. ಅಮೆರಿಕದಲ್ಲಿ ಅಂಥ ಅವಸರ ಇಲ್ಲ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮಗುವಿನ ಮೈಯಲ್ಲಿ ಇನ್ನೂ ಇದ್ದರೆ ಲಸಿಕೆ ಚೆನ್ನಾಗಿ ಹಿಡಿಯುವುದಿಲ್ಲ, ಅದಕ್ಕೇ ಅವರು ಒಂದು ವರ್ಷ ಕಾಯುತ್ತಾರೆ. ಅವರವರ ದೇಶಕ್ಕೆ ಅವರವರ ಲೆಕ್ಕ ಸರಿ. ಆದರೆ ನಡುವೆ ಸಿಕ್ಕಿಕೊಂಡ ನಮ್ಮ ಹುಡುಗನ ಒಂಬತ್ತನೇ ತಿಂಗಳ ಡೋಸು ಅಲ್ಲಿ ಸೊನ್ನೆ.

ಎರಡನೇ ದಡಾರದ ಡೋಸು ನಮ್ಮ ಸರ್ಕಾರಿ ಪಟ್ಟಿಗೆ ಬಂದಿದ್ದೇ 2010ರಿಂದ ಈಚೆಗೆ. ರುಬೆಲ್ಲಾ ಸೇರಿದ್ದು 2017ರಲ್ಲಿ. ಮಂಗನಬಾವು? ಅದು ಸರ್ಕಾರಿ ಪಟ್ಟಿಗೆ ಹತ್ತಲೇ ಇಲ್ಲ. ಖಾಸಗಿ ಮಕ್ಕಳ ಡಾಕ್ಟರುಗಳು ಮಾತ್ರ ಬಹಳ ಹಿಂದಿನಿಂದಲೇ ಒಂದೂಕಾಲು ವರ್ಷಕ್ಕೆ ಎಂಎಂಆರ್ ಹಾಕುತ್ತಾ ಬಂದಿದ್ದಾರೆ. ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತಲ್ಲ? ಕಾಸು ಕೊಟ್ಟು ಕ್ಲಿನಿಕ್ಕಿಗೆ ಹೋದವರ ಮಗನ ಫೈಲಿನಲ್ಲಿ ಎಂಎಂಆರ್ ಇದೆ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿದವರ ಮಗನ ಕಾರ್ಡಿನಲ್ಲಿ ಇಲ್ಲ. ಸೀಟು ಇಬ್ಬರಿಗೂ ಸಿಗುತ್ತದೆ. ಜುಲೈ ತಿಂಗಳಲ್ಲಿ ಓಡಾಡುವವನು ಮಾತ್ರ ಎರಡನೆಯವನು.

2017ರ ಆ ಪುಟ್ಟ ಚೀಟಿ

2017ರ ಫೆಬ್ರವರಿ ನೆನಪಿದೆಯೇ? ಒಂಬತ್ತು ತಿಂಗಳಿಂದ 15 ವರ್ಷದ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ. ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶಾಲೆಶಾಲೆಗೆ ಬಂದು ಚುಚ್ಚಿ, ಬೆರಳಿಗೆ ಶಾಯಿ ಹಚ್ಚಿ ಹೋದರು. ವಾಟ್ಸಾಪಿನಲ್ಲಿ ಇಲ್ಲದ ಸುದ್ದಿ ಹಬ್ಬಿ ಎಷ್ಟೋ ಪೋಷಕರು ಆ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಆಗ ಹತ್ತು-ಹದಿನೈದು ವರ್ಷದವರಾಗಿದ್ದವರೇ ಈಗ ಎಂ.ಎಸ್. ಓದಲು ಹೊರಟಿರುವ ಪಡೆ. ಅಂದು ಹಾಕಿಸಿಕೊಂಡ ಡೋಸು ಒಂದು ವರ್ಷ ತುಂಬಿದ ಮೇಲಿನದು. ದಡಾರ, ರುಬೆಲ್ಲಾ ಎರಡಕ್ಕೂ ಅದು ಲೆಕ್ಕಕ್ಕೆ ಬರಬಲ್ಲದು. ನ್ಯೂಯಾರ್ಕ್ ರಾಜ್ಯದ ಕಾನೂನು ಕೇಳುವುದು ದಡಾರಕ್ಕೆ 2 ಡೋಸು, ಮಂಗನಬಾವಿಗೆ 1, ರುಬೆಲ್ಲಾಕ್ಕೆ 1. ಅಂದರೆ 2017ರ ಚೀಟಿ ಕೈಲಿದ್ದರೆ ಒಂದೇ ಒಂದು ಎಂಎಂಆರ್ ಹಾಕಿಸಿಕೊಂಡರೂ ಕಾನೂನಿನ ಲೆಕ್ಕ ಮುಗಿಯಿತು. ಆದರೆ ಆ ಚೀಟಿ ಯಾರ ಹತ್ತಿರ ಉಳಿದಿದೆ? ಎಷ್ಟೋ ಮನೆಗಳಲ್ಲಿ ಅದು ಹಳೇ ನೋಟ್ ಪುಸ್ತಕದ ಜೊತೆ ರದ್ದಿಗೆ ಹೋಯಿತು.

ಕಾರ್ಡು ಉಳಿದವರ ಪಾಡೂ ಸಲೀಸಲ್ಲ. ಹುಟ್ಟಿದಾಗ ಹೆಸರಿಟ್ಟಿರಲಿಲ್ಲ, ಕಾರ್ಡಿನಲ್ಲಿ ತಾಯಿ ಹೆಸರು ಬರೆದು ‘ಇವರ ಗಂಡು ಮಗು’ ಎಂದಿದೆ. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ, ಅಜ್ಜ ಎಲ್ಲಾ ಸೇರಿ ಮಾರುದ್ದದ ಹೆಸರು. ಇಬ್ಬರೂ ಒಬ್ಬನೇ ಎಂದು ಅಲ್ಲಿನ ಗುಮಾಸ್ತ ನಂಬುವುದು ಹೇಗೆ? ತಾರೀಖಿನ ಪೀಕಲಾಟ ಬೇರೆ. ನಾವು 5-7-2004 ಎಂದು ಬರೆದರೆ ಜುಲೈ ಐದು. ಅಮೆರಿಕದವರು ಓದುವುದು ಮೇ ಏಳು ಎಂದು. ಜೂನ್‌ನಲ್ಲಿ ಹುಟ್ಟುಹಬ್ಬ ಇರುವವನಾದರೆ ಸರಿಯಾದ ಡೋಸೂ ‘ವರ್ಷ ತುಂಬುವ ಮೊದಲೇ ಹಾಕಿದ್ದು’ ಎಂದಾಗಿ ಹೊಡೆದು ಹೋಗುತ್ತದೆ. ತಿಂಗಳನ್ನು ಅಕ್ಷರದಲ್ಲೇ ಬರೆಸಿದರೆ ಈ ರಗಳೆಯೇ ಇಲ್ಲ.

ಇನ್ನು ತೋಳಿನ ಕಲೆ. ಹುಟ್ಟಿದ ಕೂಡಲೇ ಹಾಕಿಸುವ ಬಿಸಿಜಿ, ಹಳಬರು ‘ದಾಕು’ ಎನ್ನುತ್ತಿದ್ದ ಜಾತಿಯದು, ಕ್ಷಯದಿಂದ ಕಾಯಲಿ ಎಂದು. ಅಲ್ಲಿಯ ಹಲವು ವಿಶ್ವವಿದ್ಯಾಲಯಗಳು ಭಾರತದಿಂದ ಬಂದವರಿಗೆ ಕ್ಷಯದ ಪರೀಕ್ಷೆ ಕೇಳುತ್ತವೆ. ಚರ್ಮಕ್ಕೆ ಚುಚ್ಚುವ ಮಾಂಟೂ ಪರೀಕ್ಷೆ ಮಾಡಿಸಿದರೆ ಬಿಸಿಜಿ ಆದವರಿಗೆ ಕೆಲವೊಮ್ಮೆ ಸುಮ್ಮಸುಮ್ಮನೆ ಊದಿಕೊಳ್ಳುತ್ತದೆ. ಆಗ ಎಕ್ಸ್-ರೇ, ಓಡಾಟ, ಅಮ್ಮನಿಗೆ ನಿದ್ದೆಗೇಡು. ಅದಕ್ಕೇ ಬಿಸಿಜಿ ಆದವರಿಗೆ ಇಗ್ರಾ ಎಂಬ ರಕ್ತ ಪರೀಕ್ಷೆಯೇ ಮೇಲು. ದುಡ್ಡು ಜಾಸ್ತಿ. ಮಾಂಟೂವನ್ನೇ ಮಾಡಿಸುವುದಾದರೆ 48ರಿಂದ 72 ಗಂಟೆಯೊಳಗೆ ಮತ್ತೆ ಹೋಗಿ ತೋಳು ತೋರಿಸಬೇಕು. ಎಂಎಂಆರ್ ಹಾಕಿಸಿದ ದಿನವೇ ಮಾಂಟೂ ಮಾಡಿಸಿಕೊಂಡರೆ ಸರಿ. ಆ ದಿನ ತಪ್ಪಿದರೆ ನಾಲ್ಕು ವಾರ ಕಾಯಬೇಕು. ಈ ವಿಷಯ ಗೊತ್ತಿಲ್ಲದೆ ತಿಂಗಳು ಕಳೆದುಕೊಳ್ಳುವವರು ಕಡಿಮೆಯಲ್ಲ.

ಟೆಕ್ಸಾಸ್ ಯಾಕೆ ಇಷ್ಟು ಬಿಗಿ?

ಇದೆಲ್ಲ ಬಿಳಿಯರ ಕಿರಿಕಿರಿ ಎಂದು ಬಸ್ಸಿನಲ್ಲಿ ಬೈದುಕೊಳ್ಳುವುದು ಸುಲಭ. ಆದರೆ ಆ ಕಾನೂನುಗಳ ಹಿಂದೆ ಹೆಣಗಳಿವೆ. 1985ರಲ್ಲಿ ಇಲಿನಾಯ್ ರಾಜ್ಯದ ಪ್ರಿನ್ಸಿಪಿಯಾ ಕಾಲೇಜಿನಲ್ಲಿ ದಡಾರ ಎದ್ದಿತು. ಧಾರ್ಮಿಕ ನಂಬಿಕೆಯಿಂದ ಲಸಿಕೆ ಬೇಡವೆಂದವರೇ ಹೆಚ್ಚಿದ್ದ ಕಾಲೇಜು ಅದು. ನೂರಕ್ಕೂ ಹೆಚ್ಚು ಮಂದಿ ಮಲಗಿದರು, ಮೂವರು ಸತ್ತರು. ಒಂದು ಡೋಸು ಸಾಲದು, ಎರಡು ಬೇಕು ಎಂದು ಅಲ್ಲಿನ ತಜ್ಞರ ಸಮಿತಿ ಹೇಳಿದ್ದು 1989ರಲ್ಲಿ.

ಟೆಕ್ಸಾಸಿನದು ಇನ್ನೊಂದು ಕಥೆ. 2008ರಲ್ಲಿ ಆಸ್ಟಿನ್‌ನ ವಿದ್ಯಾರ್ಥಿನಿ ಜೇಮಿ ಶಾನ್‌ಬಾಮ್‌ಗೆ ಮೆನಿಂಜೈಟಿಸ್ ತಗುಲಿ ಎರಡೂ ಕಾಲು, ಕೈಬೆರಳುಗಳು ಹೋದವು. 2011ರಲ್ಲಿ ನಿಕೋಲಿಸ್ ವಿಲಿಯಮ್ಸ್ ಎಂಬ ವಿದ್ಯಾರ್ಥಿ ಅದೇ ರೋಗಕ್ಕೆ ಬಲಿಯಾದ. ಅವರಿಬ್ಬರ ಹೆಸರಲ್ಲೇ ಕಾನೂನಾಯಿತು. 22 ವರ್ಷದೊಳಗಿನ ಹೊಸ ವಿದ್ಯಾರ್ಥಿ ಸೆಮಿಸ್ಟರ್ ಶುರುವಾಗುವ ಕನಿಷ್ಠ 10 ದಿನ ಮೊದಲೇ ಮೆನಿಂಜೈಟಿಸ್ ಲಸಿಕೆ ಹಾಕಿಸಿರಬೇಕು. ಒಂದೇ ಹಾಸ್ಟೆಲಿನಲ್ಲಿ ನೂರಾರು ಹುಡುಗರು, ಒಂದೇ ಲೋಟದಲ್ಲಿ ಕುಡಿಯುವುದು. ರೋಗ ಹರಡುವುದಕ್ಕೆ ಇನ್ನೇನು ಬೇಕು? ನಮ್ಮಲ್ಲಿ ಈ ಲಸಿಕೆಯ ಹೆಸರು ಚೆನ್ನಾಗಿ ಗೊತ್ತಿರುವುದು ಹಜ್ ಯಾತ್ರಿಕರಿಗೆ, ಅವರಿಗೆ ಅದು ಕಡ್ಡಾಯ. ಎಂ.ಎಸ್.ಗೆ ಹೋಗುವವರಲ್ಲಿ ಬಹಳಷ್ಟು ಮಂದಿಗೆ 22 ದಾಟಿರುತ್ತದೆ, ಹಾಗಾಗಿ ಅವರಿಗೆ ಈ ಕಾನೂನು ತಗುಲದು. ಪಿಯುಸಿ ಮುಗಿಸಿ ನೇರ ಹೋಗುವವರು ಮಾತ್ರ ಹುಷಾರು. ಎಂಎಂಆರ್ ನೂರರ ಲೆಕ್ಕದ್ದಾದರೆ ಇದು ಸಾವಿರದ ಲೆಕ್ಕದ್ದು.

ಅದೇ ಟೆಕ್ಸಾಸಿನಲ್ಲಿ 2025ರಲ್ಲಿ ಮತ್ತೆ ದಡಾರ ಎದ್ದು 700ಕ್ಕೂ ಹೆಚ್ಚು ಮಂದಿಗೆ ತಗುಲಿತು, ಇಬ್ಬರು ಮಕ್ಕಳು ಸತ್ತರು. ಧರ್ಮ, ಮನಸ್ಸಾಕ್ಷಿ ಎಂದು ಬರೆದುಕೊಟ್ಟು ವಿನಾಯಿತಿ ಪಡೆಯುವ ದಾರಿ ಕೆಲವು ರಾಜ್ಯಗಳಲ್ಲಿದೆ. ಆದರೆ ಕ್ಯಾಂಪಸ್ಸಿನಲ್ಲಿ ರೋಗ ಎದ್ದರೆ ಅಂಥವರನ್ನು ತರಗತಿಯಿಂದ ಆಚೆ ಇಡಬಹುದು. ಸಾಲದ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ನಿಯಮ ರಾತ್ರೋರಾತ್ರಿ ಮಗುಚುವುದೂ ಉಂಟು. 2021ರಲ್ಲಿ ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದವರಿಗೆ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಬೇರೆ ಲಸಿಕೆ ಮತ್ತೆ ಹಾಕಿಸಿಕೊಳ್ಳಿ ಎಂದವು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು ಆ ವರ್ಷದ ನವೆಂಬರಿನಲ್ಲಿ, ತರಗತಿ ಶುರುವಾಗಿ ತಿಂಗಳುಗಳೇ ಆದ ಮೇಲೆ. ಕೋವಿಶೀಲ್ಡ್‌ನವರದು ಬೇರೆ ಗೋಳು. ಎರಡನೇ ಡೋಸಿಗೆ 84 ದಿನ ಕಾಯಬೇಕಿತ್ತು. ಕಡೆಗೆ ಓದಲು ಹೊರಡುವವರಿಗೆ 28 ದಿನಕ್ಕೇ ಸಡಿಲಿಸಿದರು. ಸರ್ಕಾರಕ್ಕೆ ಮನಸ್ಸು ಬಂದರೆ ಈ ಮಕ್ಕಳ ಕಷ್ಟ ಕಾಣುತ್ತದೆ ಎನ್ನುವುದಕ್ಕೆ ಅದೊಂದು ಸಾಕ್ಷಿ.

ಈಗಲೂ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಹಳೇ ಕಾರ್ಡು ನೋಡಿ, ಪಾಸ್‌ಪೋರ್ಟಿನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ದೃಢೀಕರಣ ಬರೆದುಕೊಟ್ಟರೆ ಗಂಟೇನು ಹೋಗುತ್ತದೆ? ಅದಿಲ್ಲದ್ದಕ್ಕೇ ‘ಹಳೇ ತಾರೀಖು ಹಾಕಿ ಬರ್ಕೊಡಿ ಡಾಕ್ಟ್ರೇ’ ಎಂಬ ಬೇಡಿಕೆ. ಇದು ಶುದ್ಧ ದಡ್ಡತನ. ರಕ್ತದಲ್ಲಿ ನಿರೋಧಕ ಶಕ್ತಿ ಇದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಇದೆ, ಅದರ ವರದಿಯನ್ನು ಬಹಳ ಕಡೆ ಒಪ್ಪುತ್ತಾರೆ. ಅದೂ ಬೇಡವೆಂದರೆ ಎಂಎಂಆರ್ ಇನ್ನೊಮ್ಮೆ ಹಾಕಿಸಿಕೊಂಡರಾಯಿತು, ಹೆಚ್ಚುವರಿ ಡೋಸಿನಿಂದ ಕೇಡಿಲ್ಲ. ಗರ್ಭಿಣಿಯರು ಮಾತ್ರ ಹಾಕಿಸಿಕೊಳ್ಳುವಂತಿಲ್ಲ.

ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎನ್ನುವವರೂ ಇದ್ದಾರೆ. ಹಾಕುತ್ತಾರೆ, ಡಾಲರಿನಲ್ಲಿ ಬಿಲ್ಲು ಕೊಟ್ಟು. ಆದರೆ ತರಗತಿ ಆರಂಭದ 30 ದಿನದೊಳಗೆ ವಿದ್ಯಾರ್ಥಿಯ ನೋಂದಣಿಯನ್ನು ವಿಶ್ವವಿದ್ಯಾಲಯ ಅಲ್ಲಿನ ಸರ್ಕಾರದ ಸೆವಿಸ್ ದಾಖಲೆಗೆ ತಿಳಿಸಬೇಕು. ಲಸಿಕೆಯ ತಡೆ ಅಲ್ಲಿಯವರೆಗೂ ಎಳೆದರೆ ವೀಸಾದ ಬುಡಕ್ಕೇ ಬರುತ್ತದೆ.

ಹಿಂದಕ್ಕೆ ಎಣಿಸಿ ನೋಡಿ. ಆಗಸ್ಟ್ ಮೂರನೇ ವಾರ ತರಗತಿ. ಮೊದಲ ವಾರದಲ್ಲಿ ವಿಮಾನ. ಅದಕ್ಕೆ ಮೊದಲು ಎರಡೂ ಡೋಸು ಮುಗಿದು, ಕಾಗದ ಅಲ್ಲಿಗೆ ತಲುಪಿ, ಅವರು ಸರಿ ಎನ್ನಬೇಕು. ಅಂದರೆ ಮೊದಲ ಎಂಎಂಆರ್ ಬೀಳಬೇಕಾದ್ದು ಜೂನ್ ಮೊದಲ ವಾರ. ಎಷ್ಟೋ ಮನೆಗಳಲ್ಲಿ ಆಗಿನ್ನೂ ಬ್ಯಾಂಕ್ ಮ್ಯಾನೇಜರರ ಮುಂದೆ ಸಾಲದ ಅರ್ಜಿ ಹಿಡಿದು ಕೂತಿರುತ್ತಾರೆ.