ಬೂದಿ ಎಲ್ಲಿಗೆ ಹೋಯಿತು ಎಂದು ಕೇಳೋಣ

ನಮ್ಮ ಅಪ್ಪ ರಾಯಚೂರಿನಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ಮೊದಲು ಅವರು ಕಟ್ಟುತ್ತಿದ್ದುದು ಕೆಂಪು ಇಟ್ಟಿಗೆಯಲ್ಲಿ, ಈಗ ಹೆಚ್ಚಾಗಿ ಹಾರುಬೂದಿ ಇಟ್ಟಿಗೆಯಲ್ಲಿ. ‘ಅಳತಿ ಸರಿ ಇರ್ತದ, ಸಿಮೆಂಟ್ ಕಡಿಮಿ ಹಿಡೀತದ’ ಎನ್ನುತ್ತಾರೆ. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನಾನೂ ಇದನ್ನು ಒಪ್ಪುತ್ತೇನೆ. ಕೆಂಪು ಇಟ್ಟಿಗೆಗೆ ಹೊಲದ ಮೇಲ್ಮಣ್ಣು ಬೇಕು, ಸುಡಲು ಉರುವಲು ಬೇಕು. ಹಾರುಬೂದಿ ಇಟ್ಟಿಗೆಗೆ ಎರಡೂ ಬೇಡ.

ನಮ್ಮ ಜಿಲ್ಲೆಗೆ ಬೂದಿ ಹೊಸದಲ್ಲ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ವಿದ್ಯುತ್ ತಯಾರಿಸಲಾಗುತ್ತಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ 30ರಿಂದ 45ರಷ್ಟು ಬೂದಿಯೇ ಇರುತ್ತದೆ. ಅದನ್ನು ಹೊಂಡದಲ್ಲಿ ಕೂಡಿಡುವುದು ಅಪಾಯ. 2020ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ ಇಂಥ ಹೊಂಡದ ಕಟ್ಟೆ ಒಡೆದು, ಬೂದಿಯ ಕೆಸರಿನಲ್ಲಿ ಜನ ಕೊಚ್ಚಿಹೋದರು. ಬೂದಿಯನ್ನು ಪೂರ್ತಿ ಬಳಸಬೇಕು ಎಂದು ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಬಳಸದೆ ಉಳಿದರೆ ಟನ್‌ಗೆ ₹1,000 ಪರಿಹಾರ ಕಟ್ಟಬೇಕು.

ನನ್ನ ತಕರಾರು ಇರುವುದು ಈ ‘ಬಳಕೆ’ ಎಂಬ ಪದದ ಬಗ್ಗೆ. ಸಿಮೆಂಟ್, ಇಟ್ಟಿಗೆಗೆ ಸೇರುವ ಬೂದಿಯೂ ಬಳಕೆ. ತಗ್ಗು ಜಾಗ, ಖಾಲಿ ಗಣಿ ತುಂಬುವ ಬೂದಿಯೂ ಬಳಕೆ. ಆದರೆ ಎರಡೂ ಒಂದೇ ಅಲ್ಲ. ಪಿಪಿಸಿ ಸಿಮೆಂಟ್‌ನಲ್ಲಿ ಶೇ 15ರಿಂದ 35ರಷ್ಟು ಹಾರುಬೂದಿ ಬೆರೆಸಬಹುದು. ಅದು ಗಟ್ಟಿಯಾದ ಮೇಲೆ ಬೂದಿಯಲ್ಲಿರುವ ಆರ್ಸೆನಿಕ್, ಸೀಸ, ಕ್ರೋಮಿಯಂ ಬಹುಮಟ್ಟಿಗೆ ಅದರಲ್ಲೇ ಉಳಿಯುತ್ತವೆ. ಸಡಿಲವಾಗಿ ಸುರಿದ ಬೂದಿಯಲ್ಲಿ ಮಳೆನೀರು ಇಳಿದರೆ ಅವು ಅಂತರ್ಜಲ ಸೇರಬಹುದು.

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಹಿಂದಿನ ತಗ್ಗು ನಿವೇಶನಕ್ಕೆ ಟಿಪ್ಪರ್‌ಗಳು ಬೂದಿ ಸುರಿದು ಹೋದವು. ಬರುವಾಗ ತಾಡಪಾಲು ಹೊದಿಸಿರಲಿಲ್ಲ, ಸುರಿದ ಮೇಲೆ ಮಣ್ಣು ಮುಚ್ಚಲಿಲ್ಲ. ಗಾಳಿ ಬೀಸಿದ ದಿನ ಅವ್ವ ಒಣಹಾಕಿದ್ದ ಬಟ್ಟೆಗಳನ್ನು ಮತ್ತೆ ಒಗೆದಳು. ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿ ಓಣಿಯ ಬೋರ್‌ವೆಲ್ ಇದೆ. ಮಳೆಗಾಲ ಬಂದು ಹೋಯಿತು. ಆ ನೀರನ್ನು ಪರೀಕ್ಷೆ ಮಾಡಿಸಿದವರು ಯಾರೂ ಇಲ್ಲ, ನಾನೂ ಮಾಡಿಸಿಲ್ಲ. ಯಾವುದೋ ಕಡತದಲ್ಲಿ ಆ ಬೂದಿಯೂ ‘ಬಳಕೆ’ಯಾಗಿರಬಹುದು.

ಹಾರುಬೂದಿಯೇ ಬೇಡ ಎಂದರೆ ಮೊದಲು ಅಪ್ಪನೇ ನಗುತ್ತಾರೆ. ನಾನು ಕೇಳುವುದು ಇಷ್ಟೇ: ಇಟ್ಟಿಗೆ, ಸಿಮೆಂಟ್‌ಗೆ ಹೋದ ಬೂದಿಯ ಲೆಕ್ಕ ಬೇರೆ ಇರಲಿ, ತಗ್ಗಿಗೆ ಸುರಿದದ್ದರ ಲೆಕ್ಕ ಬೇರೆ ಇರಲಿ. ಸುರಿದ ಜಾಗವನ್ನು ಮಣ್ಣಿನಿಂದ ಮುಚ್ಚಲಿ. ಸುತ್ತಲಿನ ಬೋರ್‌ವೆಲ್ ನೀರನ್ನು ಮಳೆಗಾಲಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿ, ವರದಿಯನ್ನು ಓಣಿಯವರಿಗೂ ಕೊಡಲಿ.

ನಾಳೆ ನಮ್ಮಲ್ಲಿ ಎಷ್ಟೋ ಮಂದಿ ಸೈಟ್ ಎಂಜಿನಿಯರ್ ಆಗುತ್ತೇವೆ. ಭರ್ತಿಗೆ ಬಂದ ಟಿಪ್ಪರ್‌ನ ಚೀಟಿಗೆ ಸಹಿ ಹಾಕುವವರು ನಾವೇ. ಸಹಿಗೆ ಮೊದಲು, ಹತ್ತಿರದಲ್ಲಿ ಕುಡಿಯುವ ನೀರಿನ ಬಾವಿ ಇದೆಯೇ ಎಂದು ನೋಡಿದರೆ ಸಾಕು. ನಾನಂತೂ ಈ ಸೋಮವಾರ ನಮ್ಮ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗುತ್ತಿದ್ದೇನೆ.