ಕೂಡಿಸಿ ಜೋಪಾನ ಮಾಡಿದರೆ ಸಾಕೇ?

‘ಅತ್ತಿಗೆ ಒಂದು ಕಡ್ಡಿ ಎತ್ತಿಡಾಕೂ ಬಿಡೂದಿಲ್ಲ ನೋಡ್ರಿ, ಎಲ್ಲಾ ಕುಂತಲ್ಲೇ ಕೊಡತೀವಿ’ ಎಂದು ನಮ್ಮ ಕಡೆ ಸೊಸೆಯಂದಿರು ಹೇಳುವುದುಂಟು. ಕೇಳಿದವರೂ ಮೆಚ್ಚುತ್ತಾರೆ. ಆದರೆ ಆ ಅತ್ತೆಗೆ ದಮ್ಮು ಇದ್ದರೆ, ಹಾರ್ಟ್ ವೀಕ್ ಆಗಿದ್ದರೆ ಈ ಜೋಪಾನವೇ ಆಕೆಯನ್ನು ಹಾಸಿಗೆ ಹಿಡಿಸಬಹುದು ಅನ್ನೋದು ನನ್ನ ಅಭಿಪ್ರಾಯ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತ ಇಂಥವರು ಅಪರೂಪವಲ್ಲ. ಕಟ್ಟಿಗೆ ಒಲೆ ಮುಂದೆ ವರ್ಷಗಟ್ಟಲೆ ರೊಟ್ಟಿ ಬಡಿದವರು, ಬೆಲ್ಲದ ಗಾಣದ ಒಲೆಗೆ ಉರುವಲು ಒಟ್ಟಿದವರು, ಮಗ್ಗದ ಮನೆಯ ಧೂಳಿನಲ್ಲಿ ಕಂಡಿಕೆ ಸುತ್ತಿದವರು... ಬೀಡಿ ಮುಟ್ಟದಿದ್ದರೂ ಎದೆ ಕೆಟ್ಟಿರಬಹುದು.

ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೆದರಿ ಕುಳಿತುಬಿಡುತ್ತಾರೆ. ಕುಳಿತಷ್ಟೂ ಕಾಲಿನ ಸ್ನಾಯು ಸೊರಗಿ, ಕೆಲವೇ ದಿನಗಳಲ್ಲಿ ಎರಡು ಹೆಜ್ಜೆಗೇ ಸುಸ್ತು. ಜೊತೆಗೇ ‘ನಾ ಯಾರಿಗೆ ಬೇಕು’ ಎಂಬ ಕೊರಗು. ಮನಸ್ಸು ಕುಗ್ಗಿದರೆ ಗುಳಿಗೆ, ಪಂಪ್ ತಪ್ಪುತ್ತದೆ, ಊಟ ಸೇರುವುದಿಲ್ಲ. ನಾವು ‘ವಯಸ್ಸಾತು’ ಅಂತೀವಿ! ಹಾರ್ಟ್ ವೀಕ್ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ, ದಮ್ಮಿನವರಲ್ಲೂ ಕಡಿಮೆಯಿಲ್ಲ. ಗಂಡಸರಲ್ಲಿ ಗುರುತಿಸುವುದು ಇನ್ನೂ ಕಷ್ಟ. ಅಳುವುದಿಲ್ಲ, ತಾಟು ತಳ್ಳಿ ಸಿಡುಕುತ್ತಾರೆ. ಅದೂ ಖಿನ್ನತೆಯೇ ಇರಬಹುದು.

ನೀವೇ ಹತ್ತಿರ ಕುಳಿತು ಎರಡು ಮಾತು ಕೇಳಿ. ‘ಹದಿನೈದು ದಿನದಿಂದ ಮನಸ್ಸಿಗೆ ಭಾಳ ಬ್ಯಾಸರ ಆಗೇತೇನ್ರಿ? ಮೊದಲು ಖುಷಿ ಕೊಡ್ತಿದ್ದ ಕೆಲಸದಾಗೂ ಮನಸ್ಸಿಲ್ಲೇನ್ರಿ?’ ಡಾಕ್ಟರರು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಒಂದಕ್ಕಾದರೂ ‘ಹೌದು’ ಎಂದರೆ ಎದೆಯ ಔಷಧಿ ಕೊಡುವ ಡಾಕ್ಟರಿಗೇ ತಿಳಿಸಿ. 2022ರಿಂದ ಇರುವ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಹಗಲು-ರಾತ್ರಿ, ಪುಕ್ಕಟೆ ಮಾತಾಡಬಹುದು. ಖಿನ್ನತೆಯ ಗುಳಿಗೆಯ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಿಸಬೇಡಿ. ನಿದ್ದೆ ಗುಳಿಗೆಯನ್ನಂತೂ ನೀವಾಗಿ ಮೆಡಿಕಲ್ ಶಾಪಿನಿಂದ ತಂದು ಕೊಡಲೇಬೇಡಿ. ಕೆಲವು ಉಸಿರಾಟವನ್ನೇ ತಗ್ಗಿಸುತ್ತವೆ.

ಇನ್ನು ನಡಿಗೆ. ಎಷ್ಟು ನಡೆಯಬಹುದೆಂದು ಡಾಕ್ಟರನ್ನು ಕೇಳಿಕೊಂಡು, ಮೊದಲು ಪಡಸಾಲೆಯಿಂದ ಕಟ್ಟೆವರೆಗೆ. ನಡೆಯುತ್ತ ಮಾತಾಡಲು ಬರುವಷ್ಟೇ ವೇಗ ಸಾಕು. ಉಸಿರು ಹತ್ತಿದರೆ ನಿಂತು, ಮೂಗಿನಿಂದ ಎಳೆದು, ತುಟಿ ಕೂಡಿಸಿ ಮೆಲ್ಲಗೆ ಊದಲಿ. ಕಾಲು ಬಾತರೆ, ಮಲಗಿದರೆ ಉಸಿರು ಸಿಗದಿದ್ದರೆ, ಎದೆ ನೋವು ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ.

ಮತ್ತೆ, ಸೊಪ್ಪು ಸೋಸುವ ಕೆಲಸವನ್ನು ಅವರ ಕೈಯಿಂದ ಕಸಿಯಬೇಡಿ. ಅಡಿಗೆ ಅರ್ಧ ತಾಸು ತಡವಾದರೆ ಆಗಲಿ ಬಿಡಿ.