ಗಡಿಯನ್ನು ದಾಟುವ ಕೊಡಲಿ

ಒಂದು ದೇಶವು ತನ್ನ ಅರಣ್ಯವನ್ನು ಕಾಯ್ದುಕೊಳ್ಳುವುದು ಸ್ತುತ್ಯವಾದ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಮರವನ್ನು ಕಾಯ್ದು ನೆರೆಯವನ ಮರವನ್ನು ಕಡಿಸುವುದಕ್ಕೆ ಸಂರಕ್ಷಣೆಯೆಂಬ ಹೆಸರು ಸಲ್ಲುವುದೇ? ಸಾಗುವಾನಿಯ ಇನ್ನೂರು ವರುಷಗಳ ವ್ಯಾಪಾರವನ್ನು ಪರಾಂಬರಿಸಿದವರಿಗೆ ಈ ಪ್ರಶ್ನೆಯು ಏಳದೆ ಇರದು.

ಇಂಗ್ಲಂಡದ ನೌಕಾಬಲಕ್ಕೆ ಅಲ್ಲಿಯ ಓಕ್ ಮರವು ಸಾಲದೆ ಹೋದಾಗ ಕಂಪನಿ ಸರಕಾರದ ದೃಷ್ಟಿಯು ಮಲಬಾರದ ಕಾಡುಗಳ ಮೇಲೆ ಬಿದ್ದಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ನನು ಅಲ್ಲಿಯ ಅರಣ್ಯಾಧಿಕಾರಿಯಾಗಿ ನೇಮಕಗೊಂಡನು. ಸಾಗುವಾನಿಯು ಸರಕಾರದ ಏಕಸ್ವಾಮ್ಯವಾಯಿತು. ಕಾಡಿನ ಒಡೆಯರೂ ವ್ಯಾಪಾರಿಗಳೂ ಕೂಗೆಬ್ಬಿಸಿದ ತರುವಾಯ 1823ರಲ್ಲಿ ಆ ಪದವಿಯು ರದ್ದಾಯಿತು. ಅಷ್ಟರೊಳಗೆ ಉತ್ತಮವಾದ ಮರಗಳೆಷ್ಟೋ ಉರುಳಿದ್ದವು. ಮಲಬಾರದ ಸಾಗುವಾನಿಯಿಂದ ಮುಂಬಯಿಯ ಗೋದಿಯಲ್ಲಿ 1817ರಲ್ಲಿ ಕಟ್ಟಲ್ಪಟ್ಟ ‘ಟ್ರಿಂಕೋಮಲೀ’ ಯುದ್ಧನೌಕೆಯು ಇಂದಿಗೂ ಇಂಗ್ಲಂಡದ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ.

ಬಳಿಕ ಕೊಡಲಿಯು ಬ್ರಹ್ಮದೇಶಕ್ಕೆ ನಡೆಯಿತು. 1826ರಲ್ಲಿ ತೆನಸ್ಸರಿಮ್, 1852ರಲ್ಲಿ ಪೆಗು ಪ್ರಾಂತಗಳು ಆಂಗ್ಲರ ಕೈವಶವಾದವು. ಮೌಲ್ಮೇನ್ ಬಂದರವು ಸಾಗುವಾನಿಯ ಪೇಟೆಯಾಯಿತು. 1885ರಲ್ಲಿ ಬಾಂಬೆ ಬರ್ಮಾ ಕಂಪನಿಯು ದಿಮ್ಮಿಗಳ ಲೆಕ್ಕವನ್ನು ಕಡಿಮೆ ತೋರಿಸಿತೆಂದು ಮಂಡಾಲೆಯ ಆಸ್ಥಾನವು ದಂಡವನ್ನು ವಿಧಿಸಿತು. ಅದೇ ನೆಪವಾಗಿ ಯುದ್ಧವು ನಡೆದು, ಥೀಬೋ ದೊರೆಯು ರಾಜ್ಯವನ್ನು ಕಳೆದುಕೊಂಡು ರತ್ನಾಗಿರಿಯಲ್ಲಿ ಸೆರೆಯಾಳಾದನು. ಮರದ ವ್ಯಾಪಾರವು ಸಿಂಹಾಸನವನ್ನೇ ಕೆಡವಬಲ್ಲುದೆಂಬುದಕ್ಕೆ ಬೇರೆ ನಿದರ್ಶನವು ಬೇಕೆ?

ಸ್ವತಂತ್ರ ದೇಶಗಳ ನಡತೆಯಾದರೂ ಭಿನ್ನವಾಗಿರಬೇಕಿತ್ತು. 1988ರ ಪ್ರವಾಹದಿಂದ ಎಚ್ಚೆತ್ತು ಸಯಾಮ ದೇಶವು, ಎಂದರೆ ಇಂದಿನ ಥಾಯ್ಲೆಂಡ್, 1989ರ ಜನವರಿಯಲ್ಲಿ ನೈಜ ಕಾಡುಗಳಲ್ಲಿ ಕಡಿತವನ್ನು ನಿಷೇಧಿಸಿತು. ಒಡನೆಯೇ ಅಲ್ಲಿಯ ವ್ಯಾಪಾರಿಗಳು ಬ್ರಹ್ಮದೇಶದ ಗಡಿಕಾಡುಗಳನ್ನು ಗುತ್ತಿಗೆ ಹಿಡಿದರು. ನಮ್ಮ ದೇಶವೂ ಇದಕ್ಕೆ ಹೊರತಲ್ಲ. 1988ರ ಅರಣ್ಯನೀತಿಯೂ 1996ರ ಸುಪ್ರೀಮ್ ಕೋರ್ಟಿನ ಆಜ್ಞೆಯೂ ನಮ್ಮ ಕಾಡುಗಳಿಗೆ ಕಾವಲಾದವು. ಆದರೆ ಬ್ರಹ್ಮದೇಶದ ದಿಮ್ಮಿಗಳನ್ನು ನಾವು ಹಡಗು ಹಡಗಾಗಿ ತರಿಸಿದೆವು. 2014ರ ಏಪ್ರಿಲ್ 1ರಿಂದ ಆ ದೇಶವು ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಘಾನಾ, ಈಕ್ವಡಾರ್ ಮೊದಲಾದ ದೂರದೇಶಗಳ ಸಾಗುವಾನಿಯೂ ಈಗ ನಮ್ಮ ಬಂದರಗಳಲ್ಲಿ ಇಳಿಯುತ್ತಿದೆ. ಹಿಂದೆ ಪರರ ನೌಕೆಗಳಿಗೆ ಮರವನ್ನೊದಗಿಸಿದ ನಾಡು ಇಂದು ತನ್ನ ಬಾಗಿಲುವಾಡಕ್ಕೆ ಪರದೇಶದ ಮರವನ್ನು ಕೊಳ್ಳುತ್ತಿದೆ!

ಕೊಳ್ಳುವುದೇ ದೋಷವೆಂದು ನಾವು ಹೇಳುವುದಿಲ್ಲ. ನೆಟ್ಟು ಬೆಳೆಸಿದ ಮರವನ್ನು ಕೊಳ್ಳುವುದು ಬೇರೆ. ನೈಜ ಕಾಡಿನಿಂದ ಕದ್ದು ತಂದುದನ್ನು ಕೊಳ್ಳುವುದು ಬೇರೆ. ಕೊಳ್ಳುವವನು ಈ ಭೇದವನ್ನು ವಿಚಾರಿಸದಿರುವುದೇ ದೋಷ. ಕಾಡಿನ ಮೇಲೆ ಅದರ ನೆರಳಿನಲ್ಲಿ ಬಾಳುವವರ ಹಕ್ಕು ಇರಬೇಕೆಂದು 1930ರಲ್ಲಿ ಅರಣ್ಯ ಸತ್ಯಾಗ್ರಹವನ್ನು ಹೂಡಿ ಸೆರೆಮನೆ ಸೇರಿದ ಉತ್ತರ ಕನ್ನಡದ ರೈತರ ನಾಡಿನವರು ನಾವು. ನಮಗೆ ಸಲ್ಲುವ ಆ ನ್ಯಾಯವು ಬ್ರಹ್ಮದೇಶದ ಗುಡ್ಡಗಾಡಿನವನಿಗೆ ಸಲ್ಲಬಾರದೇಕೆ?

ಆದುದರಿಂದ ಆಮದಾಗುವ ಪ್ರತಿಯೊಂದು ದಿಮ್ಮಿಯ ಮೂಲವನ್ನು ತೋರಿಸುವ ಹೊಣೆಯನ್ನು ಸರಕಾರವು ವ್ಯಾಪಾರಿಯ ಮೇಲೆ ಹೊರಿಸಬೇಕು. ರೈತನು ತನ್ನ ಹೊಲದಲ್ಲಿ ಬೆಳೆಸಿದ ಮರವನ್ನು ತೊಡಕಿಲ್ಲದೆ ಕಡಿದು ಮಾರುವಂತೆ ಅನುಕೂಲವನ್ನು ಮಾಡಿಕೊಡಬೇಕು. ಮನೆ ಕಟ್ಟಿಸುವ ಗೃಹಸ್ಥರು ಮರದ ದರವನ್ನು ಕೇಳುವಾಗ ಅದರ ಊರನ್ನೂ ಕೇಳಲಿ. ಕೇಳುವವರು ಹೆಚ್ಚಿದಂತೆ ಹೇಳಲೇಬೇಕಾದ ಕಾಲವು ವ್ಯಾಪಾರಿಗೆ ಬಂದೇ ಬರುವುದು.